ಕೂಸಿನ ಕಿವಿಯ ವಿಷಯ ಬೆಳಂಬಾರಕ್ಕೆ ತಲುಪುವುದು ಹೇಗೆ?

ಯಾರಿಗಾದರೂ ಲಕ್ವಾ ಹೊಡೆಯಿತು ಅಂದರೆ ನಮ್ಮ ಜಿಲ್ಲೆಯಲ್ಲಿ ಒಬ್ಬರಾದರೂ "ಬೆಳಂಬಾರಕ್ಕೆ ಕರಕೊಂಡು ಹೋಗಿ" ಅನ್ನುತ್ತಾರೆ. ಅಂಕೋಲಾ ತಾಲೂಕಿನ ಈ ಕಡಲ ಬದಿಯ ಊರಿನ ನಾಟಿ ಔಷಧಿಯ ಸುದ್ದಿ ಘಟ್ಟ ಹತ್ತಿ, ಹೊರ ರಾಜ್ಯಗಳವರೆಗೂ ಹೋಗಿದೆ. ಬೋರ್ಡಿಲ್ಲ, ಜಾಹೀರಾತಿಲ್ಲ, ಬಾಯಿಂದ ಬಾಯಿಗೆ ಹೋದ ಸುದ್ದಿ ಅದು. ಔಷಧಿಯ ಗುಣದ ಚರ್ಚೆಯನ್ನು ನಾವು ಇಲ್ಲಿ ಎತ್ತುತ್ತಿಲ್ಲ. ನಮ್ಮನ್ನು ಕಾಡುವುದು ಬೇರೆ ಸಂಗತಿ. ರೋಗಿಗಳ ವಿಷಯ ಇಷ್ಟು ದೂರದಿಂದ ಬಂದು ಮುಟ್ಟುವ ಊರಿಗೆ, ಅದೇ ಊರಿನ ಒಂದು ಕೂಸಿನ ಬಗ್ಗೆ "ಈ ಮಗುವಿನ ಕಿವಿಯನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು" ಎಂಬ ಒಂದು ಸಾಲು ಹೆರಿಗೆ ಆಸ್ಪತ್ರೆಯಿಂದ ತಪ್ಪದೆ ಬಂದು ತಲುಪುವ ದಾರಿ ಯಾವುದು?

ತಾಲೂಕು ವರದಿಗಾರರಾಗಿ ನಾವು ಆರೋಗ್ಯ ಇಲಾಖೆಯ ಪತ್ರಿಕಾ ಪ್ರಕಟಣೆಗಳನ್ನು ವರ್ಷಗಟ್ಟಲೆ ನೋಡುತ್ತಿದ್ದೇವೆ. "ಇಷ್ಟು ಮಕ್ಕಳ ತಪಾಸಣೆ ನಡೆಸಲಾಯಿತು" ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ತಪಾಸಣೆಯ ನಂತರ ಆ ಮಕ್ಕಳು ಎಲ್ಲಿಗೆ ಹೋದರು ಎಂಬ ಸಾಲು ಇರುವುದಿಲ್ಲ. ಹುಟ್ಟುಕಿವುಡಿನ ವಿಷಯದಲ್ಲಂತೂ ಮಗುವಿನ ಮುಂದಿನ ಬದುಕು ನಿಂತಿರುವುದೇ ಈ ಎರಡನೆಯ ಸಾಲಿನ ಮೇಲೆ.

ಒಂದು, ಮೂರು, ಆರು

ಜಗತ್ತಿನಾದ್ಯಂತ ಶ್ರವಣ ತಜ್ಞರು ಒಪ್ಪಿಕೊಂಡಿರುವ ಒಂದು ಸರಳ ಲೆಕ್ಕವಿದೆ. ಮಗು ಹುಟ್ಟಿ ಒಂದು ತಿಂಗಳೊಳಗೆ ಕಿವಿಯ ಮೊದಲ ಪರೀಕ್ಷೆ ಆಗಬೇಕು. ಅದರಲ್ಲಿ ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ ಮುಗಿಯಬೇಕು. ಕೇಳಿಸುವುದಿಲ್ಲ ಎಂದು ಖಚಿತವಾದರೆ ಆರು ತಿಂಗಳೊಳಗೆ ಆರೈಕೆ ಶುರುವಾಗಬೇಕು. ಆರೈಕೆ ಅಂದರೆ ಶ್ರವಣ ಸಾಧನ, ಮಾತಿನ ತರಬೇತಿ, ಸನ್ನೆ ಭಾಷೆ, ತಾಯಿ ತಂದೆಗೆ ಮಾರ್ಗದರ್ಶನ ಎಲ್ಲವೂ ಸೇರಿತು. ಅಮೆರಿಕದ ಕೊಲರಾಡೋದಲ್ಲಿ 150 ಮಕ್ಕಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನ ಈ ಲೆಕ್ಕಕ್ಕೆ ಗಟ್ಟಿ ಆಧಾರ ಕೊಟ್ಟಿತು. ಆರು ತಿಂಗಳೊಳಗೆ ಪತ್ತೆಯಾದ ಮಕ್ಕಳು, ತಡವಾಗಿ ಪತ್ತೆಯಾದ ಮಕ್ಕಳಿಗಿಂತ ಭಾಷೆಯಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಬಡವರ ಮಕ್ಕಳು, ಉಳ್ಳವರ ಮಕ್ಕಳು ಎಂಬ ಭೇದ ಅದರಲ್ಲಿ ಇರಲಿಲ್ಲ.

ಮೊದಲ ಪರೀಕ್ಷೆಗೆ ಒಎಇ ಎನ್ನುತ್ತಾರೆ. ಮಲಗಿದ ಕೂಸಿನ ಕಿವಿಗೆ ಮೆತ್ತನೆಯ ಸಣ್ಣ ತುದಿ ಇಟ್ಟು ಶಬ್ದ ಬಿಡುತ್ತಾರೆ. ಒಳಕಿವಿ ಚೆನ್ನಾಗಿದ್ದರೆ ಅದು ಒಂದು ಸಣ್ಣ ಮಾರ್ದನಿ ಕೊಡುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ನೋವಿಲ್ಲ, ಚುಚ್ಚುವುದಿಲ್ಲ, ಕೆಲವೇ ನಿಮಿಷದ ಕೆಲಸ. ಮಾರ್ದನಿ ಬರದಿದ್ದರೆ ಕಾಗದದಲ್ಲಿ "ರೆಫರ್" ಎಂದು ಬರೆಯುತ್ತಾರೆ. ರೆಫರ್ ಅಂದರೆ ಕಿವುಡು ಎಂದಲ್ಲ. ಹುಟ್ಟಿದ ಮೊದಲ ಒಂದೆರಡು ದಿನ ಕಿವಿಯೊಳಗೆ ನೀರಿನಂಶ ಉಳಿದಿದ್ದರೂ ರೆಫರ್ ಬರುತ್ತದೆ. ಹಾಗೆ ಬಂದ ಹೆಚ್ಚಿನ ಮಕ್ಕಳು ಮರುಪರೀಕ್ಷೆಯಲ್ಲಿ ಪಾಸಾಗುತ್ತಾರೆ. ಆಗದ ಮಕ್ಕಳಿಗೆ ಬೇರಾ ಎಂಬ ಇನ್ನೊಂದು ಪರೀಕ್ಷೆ ಬೇಕು, ಅದು ಶಬ್ದ ಮೆದುಳಿನವರೆಗೆ ಹೋಗುತ್ತದೆಯೋ ಇಲ್ಲವೋ ನೋಡುತ್ತದೆ. ದಿನ ತುಂಬದೆ ಹುಟ್ಟಿ ಐಸಿಯುನಲ್ಲಿ ಇದ್ದ ಮಕ್ಕಳು, ಕಾಮಾಲೆ ತೀರಾ ಏರಿದ್ದ ಮಕ್ಕಳು ಒಎಇಯಲ್ಲಿ ಪಾಸಾದರೂ ಅವರಿಗೆ ಬೇರಾ ಬೇಕಾಗುತ್ತದೆ.

ಹೀಗೆ ಒಂದೇ ಮಗು ಎರಡು ಮೂರು ಕಡೆ, ಎರಡು ಮೂರು ಸಲ ಹೋಗಬೇಕು. ಒಂದು ಕಡೆಯ ಕಾಗದ ಇನ್ನೊಂದು ಕಡೆಯವರ ಕೈಗೆ ಸಿಗದಿದ್ದರೆ ಸರಪಳಿ ಅಲ್ಲೇ ಕಡಿಯುತ್ತದೆ.

ತವರಿಗೂ ಗಂಡನ ಮನೆಗೂ ನಡುವೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಳಂಬಾರಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳು, ತವರು ಕುಮಟಾ ತಾಲೂಕು. ಗಂಡ ಬೋಟಿನ ಕೆಲಸಕ್ಕೆ ಮಲ್ಪೆಗೋ ಗೋವಾಕ್ಕೋ ಹೋಗುವವನು. ಚೊಚ್ಚಲ ಹೆರಿಗೆ, ಪದ್ಧತಿಯಂತೆ ತವರಿಗೆ ಹೋದಳು. ಹೆರಿಗೆ ಆದದ್ದು ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿ ಕೂಸಿನ ಕಿವಿ ಪರೀಕ್ಷೆ ಆಯಿತು, ಬಲಗಿವಿ ರೆಫರ್, ಎಡಗಿವಿ ರೆಫರ್. ಡಿಸ್ಚಾರ್ಜ್ ಕಾಗದದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಆರು ವಾರ ಬಿಟ್ಟು ಬನ್ನಿ ಎಂದರು.

ಆರು ವಾರ ಅಂದರೆ ಬಾಣಂತನ ನಡೆಯುತ್ತಿರುವ ಕಾಲ. ತವರಿನ ಆಶಾ ಕಾರ್ಯಕರ್ತೆ ಮೂರನೇ ದಿನದಿಂದ 42ನೇ ದಿನದವರೆಗೆ ಮನೆ ಭೇಟಿ ಮಾಡುತ್ತಾರೆ. ಕೂಸಿನ ತೂಕ, ಹೊಕ್ಕುಳು, ಎದೆಹಾಲು ನೋಡುತ್ತಾರೆ. ಡಿಸ್ಚಾರ್ಜ್ ಕಾಗದದ ಆ ಸಾಲು ಅವರ ಕಣ್ಣಿಗೆ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಮೂರು ತಿಂಗಳು ಕಳೆದು ತಾಯಿ ಮಗು ಬೆಳಂಬಾರಕ್ಕೆ ಬರುತ್ತಾರೆ. ಇಲ್ಲಿನ ಆಶಾ ಬೇರೆ, ಅಂಗನವಾಡಿ ಬೇರೆ, ಉಪಕೇಂದ್ರ ಬೇರೆ. ತಾಯಿ ಕಾರ್ಡ್ ನೋಡುತ್ತಾರೆ, ಲಸಿಕೆಯ ದಿನಾಂಕ ಎಲ್ಲ ಸರಿಯಾಗಿದೆ. ಆಸ್ಪತ್ರೆಯ ಫೈಲು ತವರಿನ ಕಪಾಟಿನಲ್ಲಿದೆ.

ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತಿರುವ ಕಥೆ. ಒಂದು ವರ್ಷಕ್ಕೆ ಮಾತು ಬರಲಿಲ್ಲ ಅಂದರೆ "ಗಂಡುಮಕ್ಕಳಿಗೆ ಮಾತು ತಡ" ಅನ್ನುತ್ತಾರೆ. ಒಂದೂವರೆ ವರ್ಷಕ್ಕೆ "ಅವನ ಅಪ್ಪನಿಗೂ ಮಾತು ಬರೂಕೆ ಮೂರು ವರ್ಷ ಆಗಿತ್ತು" ಅನ್ನುತ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ಹರಕೆ ಹೊರುತ್ತಾರೆ. ಇದಕ್ಕೆ ಯಾರನ್ನೂ ಬೈಯುವಂತಿಲ್ಲ. ಕಿವಿ ಕೇಳದ ಕೂಸು ನಗುತ್ತದೆ, ಅಳುತ್ತದೆ, ಬಾಗಿಲು ತೆರೆದ ಗಾಳಿಗೆ, ನೆಲ ಅದುರಿದ್ದಕ್ಕೆ, ನೆರಳು ಸರಿದದ್ದಕ್ಕೆ ತಿರುಗಿ ನೋಡುತ್ತದೆ. ಮನೆಯವರಿಗೆ ಗೊತ್ತಾಗುವಾಗ ಎರಡೋ ಮೂರೋ ವರ್ಷ ಆಗಿರುತ್ತದೆ. ಆದರೆ ಉದಾಹರಣೆಯ ಈ ಕೂಸಿನ ವಿಷಯ ಹುಟ್ಟಿದ ವಾರದಲ್ಲೇ ಒಬ್ಬರಿಗೆ ಗೊತ್ತಿತ್ತು. ಬರೆದೂ ಇಟ್ಟಿದ್ದರು. ಬರೆದದ್ದು ಮಗುವಿನ ಜೊತೆ ನಡೆದು ಬರಲಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದು. ಅದರ ಪಟ್ಟಿಯಲ್ಲಿ ಹುಟ್ಟುಕಿವುಡು ಇದೆ. ಹೆರಿಗೆ ಆಸ್ಪತ್ರೆಯಲ್ಲಿ ಅಲ್ಲಿನ ಸಿಬ್ಬಂದಿ, ಆರು ವಾರದವರೆಗೆ ಮನೆಯಲ್ಲಿ ಆಶಾ, ಆಮೇಲೆ ಅಂಗನವಾಡಿಯಲ್ಲಿ ವರ್ಷಕ್ಕೆರಡು ಸಲ ಸಂಚಾರಿ ವೈದ್ಯ ತಂಡ, ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂದು ಕರೆಯುವ ಶೀಘ್ರ ಆರೈಕೆಯ ಕೇಂದ್ರ. ಕಾಗದದ ಮೇಲೆ ಮೆಟ್ಟಿಲುಗಳೆಲ್ಲ ಸರಿಯಾಗಿಯೇ ಇವೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಮಗುವನ್ನು ಕೈಹಿಡಿದು ದಾಟಿಸುವ ಹೊಣೆ ಯಾರದ್ದು ಎಂದು ಕೇಳಿದರೆ ಪ್ರತಿಯೊಬ್ಬರೂ ಪಕ್ಕದ ಟೇಬಲ್ ತೋರಿಸುತ್ತಾರೆ.

ಊರಿಗೆ ಒಂದೇ ಮಗು

2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14,37,169. ಸಾವಿರ ಜನರಿಗೆ ವರ್ಷಕ್ಕೆ 15 ಹೆರಿಗೆ ಎಂದು ಅಂದಾಜು ಹಿಡಿದರೆ ವರ್ಷಕ್ಕೆ ಸುಮಾರು 21,500 ಮಕ್ಕಳು. ಸಾವಿರಕ್ಕೆ ಒಂದೋ ಎರಡೋ ಮಗುವಿಗೆ ಹುಟ್ಟಿನಿಂದಲೇ ಎರಡೂ ಕಿವಿ ಗಂಭೀರವಾಗಿ ಕೇಳದು ಎಂದು ಇಟ್ಟುಕೊಂಡರೆ, ಇಡೀ ಜಿಲ್ಲೆಯಲ್ಲಿ ವರ್ಷಕ್ಕೆ 20ರಿಂದ 40 ಮಕ್ಕಳು. ಲಕ್ಷದ ಆಸುಪಾಸಿನ ಅಂಕೋಲಾ ತಾಲೂಕಿಗೆ ಎರಡು ಮೂರು. ಬೆಳಂಬಾರದಂಥ ಒಂದು ಪಂಚಾಯಿತಿಯಲ್ಲಿ ಹಲವು ವರ್ಷಕ್ಕೆ ಒಂದು.

ಈ ಸಣ್ಣ ಸಂಖ್ಯೆಯಿಂದ ನಾವು ಎರಡು ವಿಷಯ ಕಲಿಯಬೇಕು. ಒಂದು, ಇಡೀ ಜಿಲ್ಲೆಗೆ 40 ಮಕ್ಕಳ ಬೆನ್ನು ಹತ್ತುವುದು ಸರ್ಕಾರಕ್ಕೆ ದೊಡ್ಡ ಕೆಲಸವೇ ಅಲ್ಲ, ಒಂದು ನೋಟ್‌ಬುಕ್ಕಿನಲ್ಲಿ ಮುಗಿಯುತ್ತದೆ. ಎರಡು, ಸಂಖ್ಯೆ ಇಷ್ಟು ಸಣ್ಣದಾದ ಕಾರಣಕ್ಕೇ ಅದು ಅಪಾಯಕಾರಿಯೂ ಹೌದು. "ಬೆಳಂಬಾರದಲ್ಲಿ ಒಂದು ಪ್ರಕರಣ ಪತ್ತೆ" ಎಂದು ಬರೆದರೆ ಸಾಕು, ಹೆಸರು ಹಾಕುವ ಅಗತ್ಯವೇ ಇಲ್ಲ. ಸಂಜೆಯೊಳಗೆ ಮನೆ ಯಾವುದು ಎಂದು ಊರಿಗೆಲ್ಲ ಗೊತ್ತಾಗಿರುತ್ತದೆ.

ಗೊತ್ತಾದರೆ ಏನಾಗುತ್ತದೆ ಎಂದು ಪೇಟೆಯವರು ಕೇಳಬಹುದು. ಮಗುವಿಗೆ "ಮೂಗ" ಎಂಬ ಅಡ್ಡಹೆಸರು ಅಂಟುತ್ತದೆ. ಅತ್ತೆ ಮನೆಯಲ್ಲಿ ತಾಯಿಯ ಕಡೆಯ ರಕ್ತದ ಮಾತು ಬರುತ್ತದೆ. ಮಗುವಿನ ಚಿಕ್ಕಮ್ಮನಿಗೋ ಅತ್ತೆಗೋ ಗಂಡು ನೋಡಲು ಬಂದವರು "ಆ ಮನೆಯಲ್ಲಿ ಕಿವುಡು ಉಂಟಂತೆ" ಎಂದು ಹಿಂದೆ ಸರಿಯುತ್ತಾರೆ. ಈ ಹೆದರಿಕೆಗೆ ಎಷ್ಟೋ ಮನೆಯವರು ಎರಡನೇ ಪರೀಕ್ಷೆಗೇ ಹೋಗುವುದಿಲ್ಲ. ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಇಲ್ಲದ ಕಡೆ ಯಾವ ತಾಯಿಯೂ ಮಗುವನ್ನು ಎತ್ತಿಕೊಂಡು ಬರಲಾರಳು.

ನಮ್ಮಲ್ಲಿ ನಡೆಯುತ್ತಿರುವುದು ಇದರ ತಿರುಗುಮುರುಗು. ಶ್ರವಣ ಸಾಧನ ಹಂಚುವ ಶಿಬಿರದಲ್ಲಿ ಮಗುವಿನ ಕಿವಿಗೆ ಯಂತ್ರ ಸಿಕ್ಕಿಸುತ್ತಾ ಗಣ್ಯರು ಫೋಟೋಕ್ಕೆ ನಿಲ್ಲುತ್ತಾರೆ. ಮಗುವಿನ ಹೆಸರು, ತಂದೆಯ ಹೆಸರು, ಊರು ಎಲ್ಲ ಹಾಕಿದ ಪಟ್ಟಿ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಸಂಬಂಧವೇ ಇಲ್ಲದ ನೂರು ಜನಕ್ಕೆ ಮಗುವಿನ ವಿಷಯ ಗೊತ್ತು, ಗೊತ್ತಿರಲೇಬೇಕಾದ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಶಿಕ್ಷಕಿಗೆ ಗೊತ್ತಿಲ್ಲ.

ಬೇರೆ ಕಡೆಯ ಪಾಠ

ತಂತ್ರಜ್ಞಾನ ಇದ್ದರೆ ಸಾಕು ಎನ್ನುವವರು ಅಮೆರಿಕವನ್ನು ನೋಡಬೇಕು. ಅಲ್ಲಿ ಶೇ 95ಕ್ಕೂ ಹೆಚ್ಚು ಮಕ್ಕಳ ಕಿವಿ ಪರೀಕ್ಷೆ ಹುಟ್ಟಿದಾಗಲೇ ಆಗುತ್ತದೆ. ಆದರೂ ರೆಫರ್ ಆದ ಮಕ್ಕಳಲ್ಲಿ ದೊಡ್ಡ ಪಾಲು ನಡುವೆಯೇ ಕೈತಪ್ಪುವುದು ಅಲ್ಲಿನ ಹಳೆಯ ತಲೆನೋವು. ಒಂದು ಕಾರಣ ಕಾನೂನಿನದ್ದು. ಆಸ್ಪತ್ರೆಯ ಮಾಹಿತಿಗೆ 1996ರ ಆರೋಗ್ಯ ಕಾನೂನು, ಮೂರು ವರ್ಷದೊಳಗಿನ ಮಕ್ಕಳ ಆರೈಕೆ ಕಾರ್ಯಕ್ರಮಕ್ಕೆ ಶಿಕ್ಷಣ ಇಲಾಖೆಯ ಕಡೆಯ ಗೋಪ್ಯತೆ ನಿಯಮ. ಆಸ್ಪತ್ರೆಯವರು "ಈ ಮಗುವನ್ನು ಕಳಿಸುತ್ತಿದ್ದೇವೆ" ಎಂದು ಹೇಳಬಹುದು. "ಮಗು ಬಂತು, ಆರೈಕೆ ಶುರುವಾಯಿತು" ಎಂದು ಆ ಕಡೆಯವರು ತಿರುಗಿ ಹೇಳಲು ತಂದೆ ತಾಯಿಯ ಲಿಖಿತ ಒಪ್ಪಿಗೆ ಬೇಕು. ಕಳಿಸಿದವರಿಗೆ ಮಗು ತಲುಪಿತೋ ಇಲ್ಲವೋ ಗೊತ್ತಾಗುವುದಿಲ್ಲ. ಹಾಗಾಗಿ ಅಲ್ಲಿನ ಹಲವು ರಾಜ್ಯಗಳು ಮೊದಲ ಭೇಟಿಯಲ್ಲೇ ಆ ಸಹಿ ಪಡೆಯುವ ಒಪ್ಪಿಗೆ ಪತ್ರ ಮಾಡಿಕೊಂಡವು.

ನಮ್ಮ ಪಕ್ಕದ ಕೇರಳದ ಎರ್ನಾಕುಲಂನಲ್ಲಿ 2003ರಲ್ಲೇ ಮಕ್ಕಳ ವೈದ್ಯರು ಕಡಿಮೆ ಖರ್ಚಿನ ದಾರಿ ಹುಡುಕಿದರು. ಪ್ರತಿ ಆಸ್ಪತ್ರೆಗೂ ಒಂದು ಯಂತ್ರ ಕೊಳ್ಳುವ ಬದಲು ಪರೀಕ್ಷೆ ಮಾಡುವವರು ಯಂತ್ರ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋದರು. ಎರಡನೇ ಹಂತದ ಪರೀಕ್ಷೆ ಒಂದೇ ಕೇಂದ್ರದಲ್ಲಿ. ನಮಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಪರೀಕ್ಷೆ ಒಂದು ಕೈಯಲ್ಲಿ ಇದ್ದರೆ ಪಟ್ಟಿಯೂ ಒಂದೇ ಕೈಯಲ್ಲಿ ಇರುತ್ತದೆ, ಯಾವ ಮಗು ಬರಲಿಲ್ಲ ಎಂದು ಹೇಳುವವರು ಒಬ್ಬರಿರುತ್ತಾರೆ.

ನಮ್ಮ ರಾಜ್ಯದಲ್ಲಿ ಜ್ಞಾನಕ್ಕೆ ಬರವಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಅವರು ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು, ಗುಂಬಳ್ಳಿಯಂಥ ಹಳ್ಳಿಗಳಲ್ಲೂ ಕೇಂದ್ರ ತೆರೆದವರು. ಕಾಕ್ಲಿಯರ್ ಇಂಪ್ಲಾಂಟ್‌ಗೆ ಕೇಂದ್ರದ ಎಡಿಪ್ ಯೋಜನೆ ಇದೆ, ರಾಜ್ಯದ ಶ್ರವಣ ಸಂಜೀವಿನಿ ಇದೆ. ಎರಡಕ್ಕೂ ವಯಸ್ಸಿನ ಮಿತಿ ಇದೆ. ಐದು ವರ್ಷಕ್ಕೆ ಪತ್ತೆಯಾದ ಮಗು ಯೋಜನೆಯ ಬಾಗಿಲಿಗೆ ಬರುವಾಗ ಬಾಗಿಲು ಮುಚ್ಚುವ ಹೊತ್ತು. ಲಕ್ಷಾಂತರ ರೂಪಾಯಿಯ ಯೋಜನೆ ಒಂದು ಸಾಲಿನ ಮಾಹಿತಿ ಹೋಗದ ಕಾರಣಕ್ಕೆ ಮಗುವಿಗೆ ಸಿಗದೆ ಹೋಗಬಾರದು.

ಕಾನೂನು ಅಡ್ಡಿ ಅಲ್ಲ

ಮಾಹಿತಿ ಹಂಚಿಕೊಳ್ಳಿ ಎಂದು ಕೇಳಿದರೆ ಈಗ ಹೊಸ ಉತ್ತರವೊಂದು ಸಿಗುತ್ತದೆ: "ಡೇಟಾ ಕಾಯ್ದೆ ಬಂದಿದೆ, ಕೊಡುವ ಹಾಗಿಲ್ಲ." 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಎಂದು ಕಾಯ್ದೆ ಹೇಳುತ್ತದೆ, ಅದು ಸರಿಯಾದದ್ದೇ. ಮಗುವಿನ ಆರೋಗ್ಯ ಕಾಪಾಡಲು ಬೇಕಾದಷ್ಟರ ಮಟ್ಟಿಗೆ ಆಸ್ಪತ್ರೆ ಮತ್ತು ಆರೋಗ್ಯ ವೃತ್ತಿಪರರಿಗೆ ನಿಯಮದಲ್ಲೇ ವಿನಾಯಿತಿ ಇಟ್ಟಿದ್ದಾರೆ. ಇನ್ನೊಂದು ಕಡೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಂ ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕು ಎನ್ನುತ್ತದೆ. ಎರಡೂ ಕಾಯ್ದೆ ಒಟ್ಟಿಗೆ ಓದಿದರೆ ಸಿಗುವ ಅರ್ಥ ಇಷ್ಟೇ: ಮಗುವನ್ನು ಹುಡುಕಿ, ತಾಯಿಯನ್ನು ಕೇಳಿ, ಬೇಕಾದವರಿಗೆ ಮಾತ್ರ ಹೇಳಿ.

ಗದ್ದೆಯ ಪಹಣಿಯನ್ನು ಈ ರಾಜ್ಯ ಇಪ್ಪತ್ತು ವರ್ಷದ ಹಿಂದೆಯೇ ಕಂಪ್ಯೂಟರಿಗೆ ಹಾಕಿತು, ಯಾರು ಬೇಕಾದರೂ ಯಾರ ಪಹಣಿಯನ್ನೂ ತೆಗೆಯಬಹುದು. ಕೂಸಿನ ಕಿವಿಯ ದಾಖಲೆ ಹಾಗಾಗುವುದು ನಮಗೆ ಬೇಡ. ಅದರ ಯಜಮಾನಿ ತಾಯಿ. ಅದು ಅವಳ ಜೊತೆ ತವರಿನಿಂದ ಗಂಡನ ಮನೆಗೆ ಬರಬೇಕು, ಅವಳು ಹೇಳಿದವರಿಗೆ ಕಾಣಬೇಕು.

ನಾವು ಕೇಳುವುದು

ಹೊಸ ಆ್ಯಪ್ ಬೇಡ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತ ಆಶಾ ಕಾರ್ಯಕರ್ತೆಯರು ಮೊಬೈಲಿಗೆ ಮಾಹಿತಿ ತುಂಬುವ ಹೊರೆಯ ಬಗ್ಗೆಯೂ ಹೇಳಿದ್ದರು. ಅವರ ತಲೆಯ ಮೇಲೆ ಇನ್ನೊಂದು ಬುಟ್ಟಿ ಇಡುವುದು ನ್ಯಾಯವಲ್ಲ. ಇರುವುದರಲ್ಲೇ ಆಗುವ ನಾಲ್ಕು ಕೆಲಸ ಹೇಳುತ್ತೇವೆ.

ಮೊದಲನೆಯದು, ತಾಯಿ ಕಾರ್ಡಿನಲ್ಲಿ ಲಸಿಕೆಯ ಪಟ್ಟಿಯ ಪಕ್ಕದಲ್ಲೇ ಕಿವಿಯ ಒಂದು ಚೌಕ. ಪರೀಕ್ಷೆ ಆಯಿತೇ, ಪಾಸೋ ಮರುಪರೀಕ್ಷೆಯೋ, ಮುಂದಿನ ದಿನಾಂಕ ಯಾವುದು ಎಂದು ಕನ್ನಡದಲ್ಲಿ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗೆ ತಾಯಿ ಹೇಗೂ ಬರುತ್ತಾಳೆ. ಚುಚ್ಚುಮದ್ದು ಕೊಡುವ ಸಿಸ್ಟರ್ ಕಣ್ಣಿಗೆ ಆ ಚೌಕ ಬೀಳುತ್ತದೆ. ಮೂರು ತಿಂಗಳಿನಿಂದ ಹದಿನೈದು ತಿಂಗಳವರೆಗೆ ಆಶಾ ಮಾಡುವ ಮನೆ ಭೇಟಿಯಲ್ಲೂ ಅದೇ ಚೌಕ ನೋಡಿದರೆ ಸಾಕು.

ಎರಡನೆಯದು, ಡಿಸ್ಚಾರ್ಜ್ ಆಗುವ ದಿನವೇ ತಾಯಿಗೆ ಕನ್ನಡದಲ್ಲೋ ಕೊಂಕಣಿಯಲ್ಲೋ ಅರ್ಥವಾಗುವಂತೆ ಹೇಳಿ ಒಂದು ಒಪ್ಪಿಗೆ ಸಹಿ. ಯಾರಿಗೆ ತಿಳಿಸಬಹುದು ಎಂದು ಅವಳೇ ಗುರುತು ಹಾಕಬೇಕು: ತವರಿನ ಆಶಾ, ಗಂಡನ ಊರಿನ ಆಶಾ, ಡಿಇಐಸಿ, ಮುಂದೆ ಅಂಗನವಾಡಿ. ಬೇಡ ಎನ್ನುವ ಹಕ್ಕೂ ಇರಬೇಕು, ಬೇಡ ಎಂದ ಮಾತ್ರಕ್ಕೆ ಚಿಕಿತ್ಸೆ ತಪ್ಪಬಾರದು.

ಮೂರನೆಯದು, ಮರು ಉತ್ತರ. ಕಳಿಸಿದವರಿಗೆ "ಮಗು ಬಂದಿದೆ" ಎಂಬ ಒಂದು ಸಾಲು ತಿರುಗಿ ಬರಬೇಕು. ಹದಿನೈದು ದಿನದಲ್ಲಿ ಬರದಿದ್ದರೆ ಒಂದು ಫೋನ್. ಇದಕ್ಕೆ ಜಿಲ್ಲೆಗೆ ಒಬ್ಬರು ಹೊಣೆ ಹೊತ್ತವರು ಬೇಕು, ವರ್ಷಕ್ಕೆ ಕೆಲವು ನೂರು ಫೋನ್ ಕರೆಯ ಕೆಲಸ. ಗೋವಾ, ಹುಬ್ಬಳ್ಳಿ, ಮಣಿಪಾಲದಲ್ಲಿ ಹೆರಿಗೆಯಾದ ನಮ್ಮ ಮಕ್ಕಳೂ ಈ ಪಟ್ಟಿಯಲ್ಲಿ ಸೇರಬೇಕು.

ನಾಲ್ಕನೆಯದು, ಮೂರು ತಿಂಗಳಿಗೊಮ್ಮೆ ಜಿಲ್ಲಾ ಮಟ್ಟದಲ್ಲಿ ಐದೇ ಐದು ಸಂಖ್ಯೆ ಪ್ರಕಟಿಸಲಿ. ಹುಟ್ಟಿದ ಮಕ್ಕಳೆಷ್ಟು, ಮೊದಲ ಪರೀಕ್ಷೆ ಆದವರೆಷ್ಟು, ಮರುಪರೀಕ್ಷೆಗೆ ಬಂದವರೆಷ್ಟು, ಖಚಿತವಾದವರೆಷ್ಟು, ಆರು ತಿಂಗಳೊಳಗೆ ಆರೈಕೆ ಶುರುವಾದವರೆಷ್ಟು. ತಾಲೂಕು, ಪಂಚಾಯಿತಿವಾರು ಬೇಡ, ಅಲ್ಲಿಗೆ ಬಂದರೆ ಸಂಖ್ಯೆಯೇ ಹೆಸರಾಗುತ್ತದೆ. ಸಂಖ್ಯೆ ಊರಿಗೆಲ್ಲ ಗೊತ್ತಾಗಲಿ, ಹೆಸರು ಮನೆಯೊಳಗೆ ಇರಲಿ.

"ತಜ್ಞರೇ ಇಲ್ಲದ ಮೇಲೆ?"

ನಮ್ಮ ಗೆಳೆಯರೇ ಒಂದು ತಕರಾರು ಎತ್ತುತ್ತಾರೆ. ಈ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜನ ಎಷ್ಟು ಸಲ ಬೀದಿಗಿಳಿದಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್ ಗೇಟಿನಲ್ಲಿ ಅಪಘಾತವಾದಾಗ ಆ ಕೂಗು ರಾಜ್ಯಕ್ಕೆಲ್ಲ ಕೇಳಿಸಿತು. ದೊಡ್ಡ ಆಸ್ಪತ್ರೆಯೇ ಇಲ್ಲದ ಕಡೆ ಕೂಸಿನ ಕಿವಿಯ ಪಟ್ಟಿ ಇಟ್ಟುಕೊಂಡು ಏನು ಮಾಡುವುದು?

ಪಟ್ಟಿ ಬೇಕಾಗಿರುವುದು ಅದಕ್ಕೇ. ಎಷ್ಟು ಮಕ್ಕಳು, ಎಲ್ಲಿ ಕೈತಪ್ಪುತ್ತಿದ್ದಾರೆ ಎಂಬ ಲೆಕ್ಕ ಕೈಯಲ್ಲಿ ಇಲ್ಲದೆ ಆಡಿಯಾಲಜಿಸ್ಟ್ ಹುದ್ದೆ ಕೇಳಿದರೆ ಬೆಂಗಳೂರಿನ ಉತ್ತರ "ಪರಿಶೀಲಿಸಲಾಗುವುದು". ಮರುಪರೀಕ್ಷೆಗೆ ಬರಬೇಕಿದ್ದ ಇಷ್ಟು ಮಕ್ಕಳಲ್ಲಿ ಇಷ್ಟು ಮಕ್ಕಳು ಬರಲಿಲ್ಲ ಎಂಬ ಸಂಖ್ಯೆ ಮುಂದಿಟ್ಟರೆ ಆ ಉತ್ತರ ಕೊಡುವುದು ಕಷ್ಟ. ಇನ್ನೊಂದು, ಆರೈಕೆ ಅಂದರೆ ಬರೀ ಆಪರೇಷನ್ ಅಲ್ಲ. ಕೂಸಿನ ಮುಖ ನೋಡಿ ಮಾತಾಡುವುದು, ಸನ್ನೆ ಕಲಿಯುವುದು, ಶ್ರವಣ ಸಾಧನ ದಿನವಿಡೀ ಹಾಕಿಸುವುದು, ಇದೆಲ್ಲ ಮನೆಯಲ್ಲೇ ಆಗುವಂಥದ್ದು. ಇಂಪ್ಲಾಂಟ್ ಬೇಕೋ ಸನ್ನೆ ಭಾಷೆ ಬೇಕೋ ಎರಡೂ ಬೇಕೋ ಎಂಬುದು ಮನೆಯವರ ತೀರ್ಮಾನ. ಪಟ್ಟಿ ಇಟ್ಟುಕೊಂಡು ಒಂದೇ ದಾರಿಗೆ ಅವರನ್ನು ನೂಕುವುದೂ ಸರಿಯಲ್ಲ.

ತಾಲೂಕುಗಳಲ್ಲಿ ಕೆಲಸ ಮಾಡುವ ನಮ್ಮಂಥ ವರದಿಗಾರರಿಗೆ ಇಲ್ಲೊಂದು ಕೆಲಸ ಇದೆ. ಶಿಬಿರದ ಫೋಟೋದಲ್ಲಿ ಮಗುವಿನ ಮುಖ, ಹೆಸರು ಹಾಕುವುದಿಲ್ಲ ಎಂದು ನಾವೇ ತೀರ್ಮಾನಿಸಿಕೊಳ್ಳಬಹುದು. ಮುಂದಿನ ಕೆಡಿಪಿ ಸಭೆಯಲ್ಲಿ ಆರೋಗ್ಯ ಇಲಾಖೆಯ ಪ್ರಗತಿ ಓದುವಾಗ ಮೇಲಿನ ಐದು ಸಂಖ್ಯೆಯನ್ನು ಕೇಳಿ ಎಂದು ನಮ್ಮ ಸದಸ್ಯರಿಗೆ ಹೇಳಬಹುದು. ಸಭೆಯಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ, ಹತ್ತು ರೂಪಾಯಿ ಶುಲ್ಕ. ಒಟ್ಟು ಸಂಖ್ಯೆ ಯಾರ ಖಾಸಗಿ ವಿಷಯವೂ ಅಲ್ಲ, ಕೊಡುವುದಿಲ್ಲ ಎನ್ನಲು ಕಾರಣವಿಲ್ಲ. ಉತ್ತರ "ಮಾಹಿತಿ ಲಭ್ಯವಿಲ್ಲ" ಎಂದು ಬಂದರೆ ಅದನ್ನೇ ಸುದ್ದಿ ಮಾಡೋಣ, ಯಾಕೆಂದರೆ ಆ ಎರಡು ಪದಗಳ ಹಿಂದೆ ಈ ವರ್ಷ ಹುಟ್ಟಿದ ಇಪ್ಪತ್ತೋ ನಲವತ್ತೋ ಮಕ್ಕಳಿದ್ದಾರೆ, ಅವರ ಆರು ತಿಂಗಳು ಈಗಲೇ ಓಡುತ್ತಿದೆ.